ನಾಲ್ಕು ಪುಸ್ತಕಕ್ಕೆ ಒಂದು ರಟ್ಟು

ಸಾಮ್ರಾಜ್ಯಗಳು ಮುರಿದುಬಿದ್ದ ದಿನಗಳನ್ನು ಗುರುತು ಹಾಕಿಡುವ ಪದ್ಧತಿ ಲೋಕದಲ್ಲಿದೆ. ರಬ್ಬರ್ ಬ್ಯಾಂಡುಗಳು ಕಡಿದುಬಿದ್ದ ದಿನಗಳನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗುತ್ತಿದೆ. ಎರಡು ಸಾವಿರದ ಹದಿನಾಲ್ಕನೆಯ ಇಸವಿ, ಮಾರ್ಚ್ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ ಇಳಿದು ಅಸರ್ ನಮಾಜಿನ ಹೊತ್ತು ಹತ್ತಿರವಾಗುತ್ತಿದ್ದಾಗ, ದುಬೈಯ ಅಲ್ ಬರ್ಷಾದ ಒಂದು ಫ್ಲಾಟಿನಲ್ಲಿ, ಭಟ್ಕಳದ ಹುಸೈನ್ ಸಾಹೇಬರ ಕೈಯಲ್ಲಿ ಒಂದು ಕೆಂಪು ರಬ್ಬರ್ ಬ್ಯಾಂಡು ಕಡಿಯಿತು. ಸೊಳ್ಳೆ ಹೊಡೆದಷ್ಟೂ ಸದ್ದಾಗಲಿಲ್ಲ. ಈ ಊರಿನ ಒಣ ಬಿಸಿಗೆ ರಬ್ಬರು ಒಣಮೆಣಸಿನ ಹಾಗಾಗುತ್ತದೆ. ಎಳೆದರೆ ಹಿಗ್ಗುವುದನ್ನು ಮರೆತು ತುಂಡಾಗುತ್ತದೆ.

ಬ್ಯಾಂಡು ಹಿಡಿದಿಟ್ಟಿದ್ದದ್ದು ನಾಲ್ಕು ಪುಸ್ತಕಗಳನ್ನು. ಪುಸ್ತಕ ಎನ್ನುವುದು ಉದಾರವಾದ ಮಾತು. ಅಗಲವಾದ, ತೆಳ್ಳನೆಯ, ರಟ್ಟೇ ಇಲ್ಲದ ನಾಲ್ಕು ಕಂತೆಗಳು ಅವು. ಮುನ್ನೂರು ವರ್ಷಗಳ ಹಿಂದೆ ಇಟಲಿಯ ಪಿಟೀಲುಗಾರನೊಬ್ಬ ಬರೆದದ್ದನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾರೋ ತಾಮ್ರದ ತಗಡಿನ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಕೊರೆದು, ಹಳೇ ಬಟ್ಟೆಯ ಚಿಂದಿಯಿಂದ ಮಾಡಿದ ಗಟ್ಟಿ ಕಾಗದದ ಮೇಲೆ ಒತ್ತಿದ್ದರು. ಪುಟದ ಅಂಚಿನಲ್ಲಿ ಬೆರಳಾಡಿಸಿದರೆ ತಗಡು ಒತ್ತಿದ ತಗ್ಗು ಇನ್ನೂ ಸಿಗುತ್ತಿತ್ತು. ಒಳಗೆ ಹನ್ನೆರಡು ಸೊನಾಟಾಗಳು, ಅಂದರೆ ವಾದ್ಯಗಳಿಗೆಂದೇ ಬರೆದ ಕೃತಿಗಳು. ಹೆಸರು ಮೂವರ ಸೊನಾಟಾ ಎಂದು. ನುಡಿಸಲು ಬೇಕಾದವರು ನಾಲ್ವರು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೂವತ್ತು ವರ್ಷ ಎಲೆಕ್ಟ್ರಾನಿಕ್ಸ್ ಅಂಗಡಿ ನಡೆಸಿದ ಹುಸೈನ್ ಸಾಹೇಬರಿಗೆ ಈ ಒಂದು ಲೆಕ್ಕ ಮಾತ್ರ ಎಂದೂ ತಾಳೆಯಾಗಿರಲಿಲ್ಲ.

ಆ ಕಾಲದ ಅಚ್ಚಿನ ಪದ್ಧತಿಯೇ ಹಾಗಿತ್ತು. ಮೊದಲ ಪಿಟೀಲಿನವನಿಗೆ ಒಂದು ಪುಸ್ತಕ, ಎರಡನೆಯವನಿಗೆ ಇನ್ನೊಂದು, ದೊಡ್ಡ ಪಿಟೀಲಿನಂಥ ಚೆಲ್ಲೋಗೆ ಮತ್ತೊಂದು, ಆರ್ಗನ್ನಿನವರಿಗೆ ಬೇರೆಯೇ ಒಂದು. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರ ಒಂದು ಸ್ವರವೂ ಇರುವುದಿಲ್ಲ. ಪೂರ್ತಿ ಸಂಗೀತ ಯಾವ ಪುಟದಲ್ಲೂ ಇಲ್ಲ. ನಾಲ್ವರೂ ಕೂತು ನುಡಿಸಿದರೆ ಅಷ್ಟು ಹೊತ್ತು ಕೋಣೆಯಲ್ಲಿ ಇರುತ್ತದೆ, ಆಮೇಲೆ ಇರುವುದಿಲ್ಲ.

ಮೊದಲ ಪಿಟೀಲು ಸ್ಟೀಫನ್ ಮಾಸ್ತರದು. ಮಂಗಳೂರಿನ ಇಗರ್ಜಿಯ ಗಾಯನಮಂಡಳಿಯಲ್ಲಿ ಕಲಿತು, ದುಬೈಯ ಒಂದು ಹೋಟೆಲ್ಲಿನ ಲಾಬಿಯಲ್ಲಿ ಇಪ್ಪತ್ತು ವರ್ಷ ಕಾಫಿ ಕುಡಿಯುವವರಿಗೆ ನುಡಿಸಿ, ಆಮೇಲೆ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರು. ಆ ಹೋಟೆಲ್ಲಿನಲ್ಲೇ ಬಹಳ ಕಾಲ ತಂಗಿದ್ದ ಡಚ್ ಎಂಜಿನಿಯರನೊಬ್ಬ ಊರಿಗೆ ಹೊರಡುವಾಗ ಈ ಕಂತೆಯನ್ನು ಅವರ ಕೈಯಲ್ಲಿಟ್ಟು, "ಇಲ್ಲಿ ಇದನ್ನು ಓದಬಲ್ಲವರು ನೀವೊಬ್ಬರೇ" ಎಂದಿದ್ದನಂತೆ. ಚೆಲ್ಲೋ ಅವರ ಹೆಂಡತಿ ವೆರೋನಿಕಾರದು. ಎರಡನೆಯ ಪಿಟೀಲು ಕಾರ್ಕಳದ ಗುಣಪಾಲ. ಜುಮೇರಾ ಲೇಕ್ ಟವರ್ಸಿನ ಒಂದು ಆಫೀಸಿನಲ್ಲಿ ಕಟ್ಟಡಗಳ ಗಾಜಿನ ಗೋಡೆಗಳ ನಕ್ಷೆ ಬಿಡಿಸುತ್ತಿದ್ದ. ಆರ್ಗನ್ನಿಗೆ ಆರ್ಗನ್ನೇ ಇರಲಿಲ್ಲ. ಧಾರವಾಡದ ಹಲ್ಲಿನ ಡಾಕ್ಟರು ನೀಲಾಂಬಿಕಾ ನೆಲದ ಮೇಲೆ ಕೂತು ಹಾರ್ಮೋನಿಯಂನಲ್ಲಿ ಆ ಕೆಲಸ ಮಾಡುತ್ತಿದ್ದರು. ಆರ್ಗನ್ನಿನ ಪುಸ್ತಕದಲ್ಲಿ ಕೆಳಗಿನ ಸ್ವರಗಳೂ ಅವುಗಳ ತಲೆಯ ಮೇಲೆ ಒಂದಿಷ್ಟು ಅಂಕಿಗಳೂ ಮಾತ್ರ ಇರುತ್ತವೆ, ಉಳಿದದ್ದನ್ನು ನುಡಿಸುವವರೇ ತುಂಬಿಕೊಳ್ಳಬೇಕು ಎಂದು ಮಾಸ್ತರು ಮೊದಲ ದಿನ ಬಹಳ ಹೆದರಿಸಿ ಹೇಳಿದಾಗ ಅವರು, "ಅಷ್ಟ ಏನ್ರಿ? ನಮ್ಮ ಕಡೆ ಅಂಕಿನೂ ಕೊಡಂಗಿಲ್ಲ" ಎಂದಿದ್ದರು.

ಹುಸೈನ್ ಸಾಹೇಬರು ಏನನ್ನೂ ನುಡಿಸುತ್ತಿರಲಿಲ್ಲ. ಹಿಂದೊಮ್ಮೆ ಕ್ಯಾಸೆಟ್ ಪ್ಲೇಯರ್ ರಿಪೇರಿಗೆ ಬಂದ ಗಿರಾಕಿಯೊಬ್ಬ ಅದಕ್ಕೆ ಅಚ್ಚಗನ್ನಡದಲ್ಲಿ ಬೈದದ್ದನ್ನು ಕೇಳಿ, ಇಂಥವನನ್ನು ಬಿಡಬಾರದು ಎಂದು ಚಹಾ ತರಿಸಿದ್ದರು. ಆ ಗಿರಾಕಿಯೇ ಸ್ಟೀಫನ್ ಮಾಸ್ತರು. ಅಂದಿನಿಂದ ಪ್ರತಿ ಶುಕ್ರವಾರ ಜುಮಾ ಮುಗಿಸಿ ಅಬುಧಾಬಿಯಿಂದ ಅಲ್ ಬರ್ಷಾದ ಮಾಸ್ತರ ಫ್ಲಾಟಿಗೆ ಕಾರು ಬಿಡುತ್ತಿದ್ದರು. "ನಮಾಜಿನ ಟೋಪಿ ತೆಗೀಲಿಕ್ಕೂ ಪುರುಸೊತ್ತಿಲ್ಲ, ಸೀದಾ ಪಿಟೀಲಿಗೆ" ಎಂದು ಹೆಂಡತಿ ಅಝೀಝಾ ಚುಚ್ಚುತ್ತಿದ್ದಳು. ಚುಚ್ಚುತ್ತಲೇ ಡಬ್ಬಿಯಲ್ಲಿ ಕೋಳಿ ಬಿರಿಯಾನಿ ತುಂಬಿ ಕೊಡುತ್ತಿದ್ದಳು. ಆ ಗುಂಪಿಗೆ ಇದ್ದ ಒಬ್ಬರೇ ಶ್ರೋತೃ ಅವರು. ಕಣ್ಣು ಮುಚ್ಚಿ ಸೋಫಾದಲ್ಲಿ ಕೂರುವುದು, ಬೇಡದ ಕಡೆ ತಲೆದೂಗುವುದು. ಇದಲ್ಲದೆ ಅವರಿಗೊಂದು ಅಧಿಕೃತ ಕೆಲಸವೂ ಇತ್ತು. ನುಡಿಸುವುದು ಶುರುವಾಗುವ ಮೊದಲು ಕಂತೆ ಬಿಚ್ಚಿ ಒಂದೊಂದು ಸ್ಟ್ಯಾಂಡಿಗೆ ಒಂದೊಂದು ಪುಸ್ತಕ ಇಡುವುದು. ಮುಗಿದ ಮೇಲೆ ನಾಲ್ಕನ್ನೂ ಕೂಡಿಸಿ ರಬ್ಬರ್ ಬ್ಯಾಂಡ್ ಹಾಕುವುದು. ಈ ಕೆಲಸವನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ.

ಒಂದೇ ಒಂದು ವಿಷಯ ಅವರಿಗೆ ಪುಟದಲ್ಲಿ ಓದಲು ಬರುತ್ತಿತ್ತು. ಹಳೇ ಅಚ್ಚಿನಲ್ಲಿ ಪ್ರತಿ ಸಾಲಿನ ಕೊನೆಗೆ ಬಾಲದಂಥ ಒಂದು ಸಣ್ಣ ಕೊಕ್ಕೆ ಇರುತ್ತದೆ. ಮುಂದಿನ ಸಾಲು ಯಾವ ಸ್ವರದಿಂದ ಶುರು ಎಂದು ಅದು ಮೊದಲೇ ತೋರಿಸಿಕೊಡುತ್ತದೆ. "ನೋಡಿ, ಕೊರೆದವನಿಗೆ ಎಷ್ಟು ಮರ್ಯಾದೆ," ಎನ್ನುತ್ತಿದ್ದರು ಮಾಸ್ತರು. "ಸಾಲು ಮುಗೀತು ಅಂತ ನಡುದಾರಿಯಲ್ಲಿ ಬಿಟ್ಟುಹೋಗುದಿಲ್ಲ. ಮುಂದಿನ ಮನೆಯ ಬಾಗಿಲು ತೋರಿಸಿಯೇ ಹೋಗ್ತಾನೆ."

ಆ ಮಾರ್ಚಿನ ಹೊತ್ತಿಗೆ ಮಾಸ್ತರಿಗೆ ಯಕೃತ್ತಿನ ಕ್ಯಾನ್ಸರು ಎಂದು ಗೊತ್ತಾಗಿ, ಡಾಕ್ಟರುಗಳು ಮಾತಾಡುವ ದನಿ ಮೆತ್ತಗಾಗಿತ್ತು. ಮೇ ತಿಂಗಳಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಮಂಗಳೂರಿಗೆ ಹೋಗುವುದೆಂದು ನಿಶ್ಚಯವಾಯಿತು. ಮಾಸ್ತರು ಕೇಳಿದ್ದು ಒಂದೇ. ಹೊರಡುವ ಮೊದಲಿನ ಶುಕ್ರವಾರ ಏಳನೆಯ ಸೊನಾಟಾವನ್ನು ನಾಲ್ವರೂ ಸೇರಿ ಒಂದು ಸಲ ನುಡಿಸಬೇಕು. ಆಮೇಲೆ ಏನಾದರೂ ಆಗಲಿ.

ಆಗಲೇ ಬ್ಯಾಂಡು ಕಡಿದದ್ದು. ಪುಸ್ತಕಗಳು ಚೆದುರಿದವು. ಮೂರು ಸಿಕ್ಕವು, ಎರಡನೆಯ ಪಿಟೀಲು ಸಿಗಲಿಲ್ಲ. ಹುಸೈನ್ ಸಾಹೇಬರು ಮಂಡಿಯೂರಿ ಟೀಪಾಯಿಯ ಕೆಳಗೆ, ಪರದೆಯ ಹಿಂದೆ, ಕೊನೆಗೆ ಅಡುಗೆಮನೆಯಲ್ಲೂ ಹುಡುಕಿದರು. ಮುಂದಿನ ಶುಕ್ರವಾರವೂ ಇಲ್ಲ. ಅದರ ಮುಂದಿನದಕ್ಕೂ ಇಲ್ಲ.

"ನೆಟ್ಟಿನ್ಯಾಗ ಸಿಗ್ತಿರಬೇಕಲ್ರಿ," ಎಂದರು ನೀಲಾಂಬಿಕಾ.

"ಹುಡುಕಿದೆ ಡಾಕ್ಟ್ರೆ. ಯುರೋಪಿನ ಎಂತದೋ ಲೈಬ್ರರಿಯಲ್ಲಿ ಉಂಟಂತೆ. ಫೋಟೋ ಹಾಕ್ಲಿಲ್ಲ," ಎಂದ ಗುಣಪಾಲ. "ಅವತ್ತೇ ಒಂದು ಜೆರಾಕ್ಸ್ ಮಾಡಿಡುವ ಅಂದೆ. ಮಾಸ್ಟ್ರು ಬಿಟ್ರಾ?"

"ಬೆಳಕಿಗೆ ಕಾಗದ ಹಾಳಾಗ್ತದೆ," ಎಂದರು ಮಾಸ್ತರು ಮಂಚದಿಂದಲೇ. ಅವರ ಮಡಿಲಲ್ಲಿ ಉಳಿದ ಮೂರು ಪುಸ್ತಕಗಳಿದ್ದವು. "ಒಂದು ಹೋದ್ರೆ ಉಳಿದ ಮೂರೂ ರದ್ದಿ, ಹುಸೈನ್ ಸಾಹೇಬ್ರೆ. ಇದು ಹಾಗೇ."

ನಗುತ್ತಲೇ ಹೇಳಿದ್ದರು. ಆದರೂ ಆ ಮಾತು ಹುಸೈನ್ ಸಾಹೇಬರನ್ನು ಅಬುಧಾಬಿಯವರೆಗೂ ಹಿಂಬಾಲಿಸಿತು. ಬ್ಯಾಂಡು ಕಡಿದದ್ದು ತಮ್ಮ ಕೈಯಲ್ಲಿ.

ಪುಸ್ತಕ ಸಿಕ್ಕಿದ್ದು ಏಪ್ರಿಲಿನಲ್ಲಿ, ಮನೆಸಾಮಾನು ಕೊಂಡವರು ಸೋಫಾ ಎತ್ತಲು ಬಂದಾಗ. ಅದು ಸೋಫಾದ ಬೆನ್ನಿನ ಹರಿದ ಬಟ್ಟೆಯೊಳಗೆ ಇಳಿದು ಕೂತಿತ್ತು. ಅಂದರೆ ಅಷ್ಟು ವಾರವೂ ಹುಸೈನ್ ಸಾಹೇಬರು ಅದಕ್ಕೇ ಒರಗಿಕೊಂಡು ಅದಿಲ್ಲವಲ್ಲ ಎಂದು ಪೇಚಾಡಿದ್ದರು. ಅಂದೇ ಅವರು ವೆರೋನಿಕಾರನ್ನು ಅಡುಗೆಮನೆಗೆ ಕರೆದರು.

"ವೆರೋನಿಕಾ ಬಾಯಿ, ನಾಲ್ಕೂ ನನ್ನ ಕೈಲಿ ಕೊಡಿ. ಕಡೇ ಶುಕ್ರವಾರಕ್ಕೆ ತರ್ತೇನೆ. ಮಾಸ್ಟ್ರಿಗೆ ಹೇಳ್ಬೇಡಿ."

"ಪೆಟ್ಟಿಗೆ ಮಾಡಿಸ್ತೀರಾ?"

"ಪೆಟ್ಟಿಗೆಗಿಂತ ಒಳ್ಳೇದು."

ವೆರೋನಿಕಾ ಅಂದು ಆಸ್ಪತ್ರೆಯ ಫೈಲುಗಳನ್ನು ಜೋಡಿಸುವ ಗಡಿಬಿಡಿಯಲ್ಲಿದ್ದರು. ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಹೈದರಾಬಾದಿನ ಒಬ್ಬ ಮುದುಕ ಬೈಂಡಿಂಗ್ ಮಾಡುತ್ತಿದ್ದ. ಮನೆಮನೆಯ ಕುರಾನಿನ ಹಳೇ ಪ್ರತಿಗಳಿಗೆ ಹೊಸ ಜೀವ ಕೊಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹುಸೈನ್ ಸಾಹೇಬರ ತಂದೆಯ ಕುರಾನನ್ನು ಕಟ್ಟಿಕೊಟ್ಟವನೂ ಅವನೇ. ಸಾಹೇಬರು ರೇಷ್ಮೆ ಬಟ್ಟೆ ಬಿಚ್ಚಿ ನಾಲ್ಕು ಕಂತೆಗಳನ್ನು ಅವನ ಮುಂದೆ ಇಟ್ಟಾಗ ಅವನು ಕನ್ನಡಕ ಮೇಲೆ ಮಾಡಿ, ಕಾಗದವನ್ನು ಬೆಳಕಿಗೆ ಹಿಡಿದು, "ಸುಭಾನಲ್ಲಾ" ಎಂದ. ಆಮೇಲೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ:

"ನಾಲ್ಕು ಜಿಲ್ದಾ, ಒಂದೇ ರಟ್ಟಾ?"

ಇಪ್ಪತ್ತು ವರ್ಷ ನಾಲ್ಕು ಸ್ಟ್ಯಾಂಡುಗಳನ್ನು ಕಣ್ಣಾರೆ ಕಂಡವರಿಗೆ ಆ ಕ್ಷಣ ಏನೂ ಹೊಳೆಯಲಿಲ್ಲವಾ ಎಂದು ಅಝೀಝಾ ಆಮೇಲೆ ಕೇಳಿದಳು. ಹೊಳೆಯಲಿಲ್ಲ. ನುಡಿಸುವಷ್ಟು ಹೊತ್ತೂ ಅವರು ಕಣ್ಣು ಮುಚ್ಚಿರುತ್ತಿದ್ದರು. ಅವರ ಕೈಗೆ ಗೊತ್ತಿದ್ದದ್ದು ಒಂದು ಕಂತೆ. ಕಣ್ಣ ಮುಂದೆ ಬಂದದ್ದು ಸೋಫಾದ ಹರಿದ ಬೆನ್ನು.

"ಒಂದು," ಎಂದರು. "ಯಾವುದೂ ಯಾವತ್ತೂ ಉದುರಬಾರದು. ಹಾಗೆ ಹೊಲಿ."

ಮುದುಕ ಹಾಗೆಯೇ ಹೊಲಿದ.

ಮೇ ತಿಂಗಳ ಆ ಶುಕ್ರವಾರ ಅಲ್ ಬರ್ಷಾದ ಫ್ಲಾಟು ಖಾಲಿಯಾಗಿತ್ತು. ಕೆಳಗಿನ ಕೆಫೆಟೇರಿಯಾದಿಂದ ಎರವಲು ತಂದ ಪ್ಲಾಸ್ಟಿಕ್ ಕುರ್ಚಿಗಳು, ನಾಲ್ಕು ಸ್ಟ್ಯಾಂಡುಗಳು, ಗೋಡೆಗೆ ಒರಗಿಸಿದ ಸೂಟ್‌ಕೇಸುಗಳು. ಮಾಸ್ತರು ಬಿಳೀ ಶರ್ಟು ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಶರ್ಟಿನೊಳಗೆ ಇನ್ನೊಬ್ಬ ಮಾಸ್ತರಿಗೆ ಜಾಗವಿತ್ತು. ಎರಡು ದಿನದಿಂದ ಅನ್ನ ಮುಟ್ಟದಿದ್ದವರು ಅಂದು ಬೆಳಿಗ್ಗೆ ಮೊಟ್ಟೆ ಕೇಳಿ ತಿಂದಿದ್ದರಂತೆ, ಕೈಗೆ ಬಲ ಬೇಕಲ್ಲ ಎಂದು. ಪಿಟೀಲು ಶ್ರುತಿಯಾಗಿ ತೊಡೆಯ ಮೇಲಿತ್ತು.

"ಯಲ್ಲಾ, ಬನ್ನಿ ಸಾಹೇಬ್ರೆ," ಎಂದರು. "ನನ್ನ ಪುಸ್ತಕಗಳನ್ನು ಯಾವ ಸುಂದರಿಗೆ ಕೊಟ್ಟು ಬಂದಿರಿ?"

ಹುಸೈನ್ ಸಾಹೇಬರು ರೇಷ್ಮೆ ಬಟ್ಟೆ ಬಿಚ್ಚಿದರು. ಹಸಿರು ತೊಗಲು, ನಾಲ್ಕು ಮೂಲೆಗೂ ಚಿನ್ನದ ಬಳ್ಳಿ, ಬೆನ್ನಿನ ಮೇಲೆ ಚಿನ್ನದ ಗೆರೆಗಳು, ಪುಟಗಳ ಅಂಚು ಗಾಜು ಕೊಯ್ದ ಹಾಗೆ ನುಣುಪು. ವೆರೋನಿಕಾ ಗುಣಪಾಲನ ಮುಖ ನೋಡಿದರು. ಗುಣಪಾಲ ಕಿಟಕಿ ನೋಡಿದ.

ಮಾಸ್ತರು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತೆರೆದು ಪುಟದ ಅಂಚಿನಲ್ಲಿ ಹೆಬ್ಬೆರಳಾಡಿಸಿದರು. ತಗಡು ಒತ್ತಿದ ತಗ್ಗಿನ ಜಾಗವನ್ನು ಬೈಂಡಿನ ಕತ್ತರಿ ಒಯ್ದಿತ್ತು. ಇನ್ನೊಮ್ಮೆ ಆಡಿಸಿ ನೋಡಿದರು. ಆಮೇಲೆ ಮುಚ್ಚಿದರು.

"ಭಾರೀ ಚಂದ ಮಾಡಿಸಿದ್ದೀರಿ," ಎಂದರು. "ನನಗೆ ಇಷ್ಟು ಒಳ್ಳೆ ಕೋಟು ಯಾರೂ ಹೊಲಿಸಲಿಲ್ಲ."

ಹುಸೈನ್ ಸಾಹೇಬರಿಗೆ ಕಣ್ಣು ತುಂಬಿ ಬಂತು. ಸಂತೋಷದಿಂದ ಎಂಬುದನ್ನು ಇಲ್ಲಿ ಹೇಳಲೇಬೇಕು. ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡು, ಎಂದಿನಂತೆ ತಮ್ಮ ಕೆಲಸಕ್ಕೆ ಎದ್ದರು. ಮಾಸ್ತರ ಮುಂದಿನ ಸ್ಟ್ಯಾಂಡಿನ ಮೇಲೆ ಅದನ್ನು ಇಟ್ಟರು. ಭಾರಕ್ಕೆ ಸ್ಟ್ಯಾಂಡು ಒಂದು ಸಲ ತೂಗಿ ನಿಂತಿತು. ಅಲ್ಲಿಂದ ಗುಣಪಾಲನ ಸ್ಟ್ಯಾಂಡಿನತ್ತ ತಿರುಗಿ ಕೈ ಮುಂದೆ ಮಾಡಿದರು. ಕೈಯಲ್ಲಿ ಏನೂ ಇರಲಿಲ್ಲ.

ಹಾಗೇ ನಿಂತರು. ಖಾಲಿ ಸ್ಟ್ಯಾಂಡುಗಳು ಮೂರಿದ್ದವು.

"ಯಾ ಅಲ್ಲಾ," ಎಂದರು ಕೊನೆಗೆ. "ಗುಣಪಾಲ, ಚೂರಿ ತಗೊಂಡು ಬಾ."

"ಎಂತಕ್ಕೆ?"

"ಕೊಯ್ಯಲಿಕ್ಕೆ! ನಾಲ್ಕು ಮಾಡ್ಲಿಕ್ಕೆ! ಬಾಯಿ, ಚೂರಿ ಎಲ್ಲಿ?"

"ಬೇಡ," ಎಂದರು ಮಾಸ್ತರು. "ಒಂದು ಸಲ ಕೊಯ್ದದ್ದು ಸಾಕು. ಇನ್ನೊಮ್ಮೆ ಕೊಯ್ದರೆ ನುಚ್ಚಾಗ್ತದೆ."

ಗುಣಪಾಲ ಮೊಬೈಲಿನಲ್ಲಿ ಫೋಟೋ ತೆಗೆಯಲು ಹೋದ. ಮುದುಕ ಎಷ್ಟು ಗಟ್ಟಿ ಹೊಲಿದಿದ್ದನೆಂದರೆ ಪುಸ್ತಕ ಅಂಗಾತ ಬಿಚ್ಚಿಕೊಳ್ಳಲೇ ಇಲ್ಲ. ನೀಲಾಂಬಿಕಾ ಒಂದು ಕಡೆ, ವೆರೋನಿಕಾ ಒಂದು ಕಡೆ ಹಿಡಿದು ಒತ್ತಿದರೂ ಸಾಲುಗಳು ನಡುವಿನ ಮಡಿಕೆಯೊಳಕ್ಕೆ ಜಾರಿ ಹೋಗುತ್ತಿದ್ದವು. ಹುಸೈನ್ ಸಾಹೇಬರು ಬಗ್ಗಿ ನೋಡಿದರು. ತಮಗೆ ಓದಲು ಬರುತ್ತಿದ್ದ ಒಂದೇ ಒಂದು ಗುರುತನ್ನು ಹುಡುಕಿದರು. ಬಲಪುಟಗಳ ಕೊಕ್ಕೆಗಳನ್ನು ಕತ್ತರಿ ತಿಂದಿತ್ತು. ಎಡಪುಟಗಳದ್ದನ್ನು ಹೊಲಿಗೆ ನುಂಗಿತ್ತು.

"ಬಾಯಿಪಾಠನಾರ ನುಡಸ್ರಿ," ಎಂದರು ನೀಲಾಂಬಿಕಾ. "ಇಷ್ಟು ವರ್ಷ ಆತು. ನಮ್ಮ ಗುರುಗಳು ಕಾಗದ ಕಂಡ್ರ ಎದ್ದು ಹೋಗ್ತಿದ್ರು. ನಂಗಂತೂ ಪೂರಾ ಬರ್ತೈತಿ."

"ನಿಮಗೆ ಬರ್ತದೆ ಡಾಕ್ಟ್ರೆ. ನನಗೆ ಎದುರಿಗೆ ಕಾಗದ ಇಲ್ಲದಿದ್ರೆ ನನ್ನ ಹೆಸರೂ ನೆನಪಾಗುದಿಲ್ಲ," ಎಂದ ಗುಣಪಾಲ.

ಆದರೂ ಶುರು ಮಾಡಿದರು. ಏಳನೆಯ ಸೊನಾಟಾ ನಿಧಾನವಾಗಿ ಶುರುವಾಗುತ್ತದೆ. ಮೊದಲ ಪಿಟೀಲು ಒಂದು ಮಾತು ಹೇಳುತ್ತದೆ, ಎರಡನೆಯದು ಸ್ವಲ್ಪ ತಡೆದು ಅದನ್ನೇ ಕೆಳಗಿನಿಂದ ಹೇಳುತ್ತದೆ. ಏಳೆಂಟು ಹೆಜ್ಜೆ ಸರಿಯಾಗಿಯೇ ಹೋಯಿತು. ಅಲ್ಲಿ ಗುಣಪಾಲ ಐದನೆಯ ಸೊನಾಟಾಕ್ಕೆ ತಿರುಗಿಕೊಂಡ. ವೆರೋನಿಕಾ ಅವನನ್ನು ಉಳಿಸಲು ಅವನ ಹಿಂದೆಯೇ ಹೋದರು. ಹಾರ್ಮೋನಿಯಂ ಒಂದೇ ತನ್ನ ದಾರಿಯಲ್ಲಿ ಸರಿಯಾಗಿ ನಡೆಯುತ್ತಾ ಹೋಗಿ, ಹಿಂದೆ ಯಾರೂ ಇಲ್ಲವೆಂದು ಕಂಡು ನಿಂತಿತು.

ಮಾಸ್ತರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಮತ್ತೊಮ್ಮೆ ಶುರು ಮಾಡೋಣ ಎಂದು ಯಾರೂ ಹೇಳಲಿಲ್ಲ.

"ಒಂದು ಕೆಲಸ ಮಾಡುವ," ಎಂದರು ನೀರು ಕುಡಿದು. "ಇರುವುದು ಒಂದು ಪುಸ್ತಕ. ಒಬ್ಬೊಬ್ಬರೇ ಓದುವ. ಈ ಗುಣಪಾಲ ಎಂತ ನುಡಿಸ್ತಾನೆ ಅಂತ ನಾನು ಒಂದು ದಿನವೂ ಸರಿಯಾಗಿ ಕೇಳ್ಲಿಲ್ಲ. ನಾನು ನನ್ನದರಲ್ಲೇ ಇರ್ತೇನಲ್ಲ."

"ನನ್ನದು ಒಂದನ್ನೇ ಕೇಳಿದ್ರೆ ಮರ್ಯಾದೆ ಹೋಗ್ತದೆ ಮಾಸ್ಟ್ರೆ."

"ಇದ್ರೆ ಅಲ್ವಾ ಹೋಗುದು? ನುಡಿಸು ಮಾರಾಯ."

ಪುಸ್ತಕ ಗುಣಪಾಲನ ಸ್ಟ್ಯಾಂಡಿಗೆ ಬಂತು. ಹುಸೈನ್ ಸಾಹೇಬರು ಪಕ್ಕದಲ್ಲಿ ಮಂಡಿಯೂರಿ ಕೂತು, ಮುಚ್ಚಿಕೊಳ್ಳಲು ಹಟ ಮಾಡುತ್ತಿದ್ದ ಪುಟಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ಎರಡನೆಯ ಪಿಟೀಲು ಒಂದೇ ನುಡಿದಾಗ, ಯಾರೋ ಟೆಲಿಫೋನಿನಲ್ಲಿ ಮಾತಾಡುವುದನ್ನು ಈ ಒಂದು ತುದಿಯಿಂದ ಮಾತ್ರ ಕೇಳಿದ ಹಾಗಿತ್ತು. ಒಂದು ಉತ್ತರ, ಆಮೇಲೆ ಉದ್ದನೆಯ ಮೌನ, ಮತ್ತೆ ಒಂದು ಉತ್ತರ. ಮೌನಗಳನ್ನು ಗುಣಪಾಲ ಮೆಲುದನಿಯಲ್ಲಿ ತುಳುವಿನಲ್ಲಿ ಎಣಿಸುತ್ತಿದ್ದ: ಒಂಜಿ, ರಡ್ಡ್, ಮೂಜಿ, ನಾಲ್. ಇಷ್ಟು ವರ್ಷ ಬೇರೆಯವರ ಸ್ವರಗಳ ಅಡಿಯಲ್ಲಿ ಆ ಎಣಿಕೆ ಯಾರಿಗೂ ಕೇಳಿಸಿರಲಿಲ್ಲ. ವೆರೋನಿಕಾ ನಗು ತಡೆಯಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾಸ್ತರು ಮಾತ್ರ ಕಣ್ಣು ಮುಚ್ಚಿ, ಹುಸೈನ್ ಸಾಹೇಬರ ಹಾಗೆಯೇ ತಲೆದೂಗುತ್ತಾ ಕೇಳಿದರು.

"ಓ," ಎಂದರು ಮುಗಿದ ಮೇಲೆ. "ಅಲ್ಲಿ ನೀನು ನನ್ನನ್ನು ಕಾಯ್ತಾ ಇರ್ತೀಯಾ? ನೀನು ಹಿಂದೆ ಬಿದ್ದದ್ದು ಅಂತ ನಾನು ಬೈತಾ ಇದ್ದೆ."

ಗುಣಪಾಲ ಕಮಾನಿನ ತಿರುಪನ್ನು ಸಡಿಲಿಸಿ, ಮತ್ತೆ ಬಿಗಿ ಮಾಡಿದ.

ಆಮೇಲೆ ವೆರೋನಿಕಾ. ಅವರು ಪೂರ್ತಿ ನುಡಿಸಿದರು, ಗಂಡನ ಕಡೆ ನೋಡದೆ. ಆಮೇಲೆ ನೀಲಾಂಬಿಕಾ, ಪುಸ್ತಕ ಅವರಿಗೆ ಬೇಕಿರಲಿಲ್ಲವಾದರೂ ಹುಸೈನ್ ಸಾಹೇಬರು ಅವರ ಮುಂದೆಯೂ ಅದನ್ನು ಹಿಡಿದು ಕೂತರು. ಅವರು ಬೇಡ ಎನ್ನಲಿಲ್ಲ. ಒಟ್ಟಿಗೆ ನುಡಿಸಿದ್ದರೆ ಒಂದು ಚಹಾ ಆರುವಷ್ಟರಲ್ಲಿ ಮುಗಿಯಬೇಕಿದ್ದದ್ದು ಮಧ್ಯಾಹ್ನವನ್ನೆಲ್ಲ ತಿಂದಿತು. ಎದುರು ಕಟ್ಟಡದ ಗಾಜಿನಿಂದ ಬಂದ ಬಿಸಿಲು ನೆಲದ ಮೇಲೆ ಸರಿಯುತ್ತಾ ಸೂಟ್‌ಕೇಸುಗಳವರೆಗೆ ಹೋಗಿತ್ತು.

ಹುಸೈನ್ ಸಾಹೇಬರು ಪುಸ್ತಕವನ್ನು ಮಾಸ್ತರ ಸ್ಟ್ಯಾಂಡಿಗೆ ತಂದು, ಏಳನೆಯ ಸೊನಾಟಾ ತೆರೆದು, ಪುಟ ಒತ್ತಿ ಹಿಡಿದರು. ಮಾಸ್ತರು ಪಿಟೀಲನ್ನು ಎತ್ತಿದರು. ಗಲ್ಲದ ಕೆಳಗೆ ಇಟ್ಟುಕೊಂಡರು. ಕಮಾನು ಹಿಡಿದ ಕೈ ತಂತಿಯವರೆಗೆ ಬಂತು, ಅಲ್ಲಿಯೇ ನಡುಗಿತು. ಸ್ವಲ್ಪ ಹೊತ್ತು ಅದು ನಿಲ್ಲಲಿ ಎಂದು ಕಾದರು. ಬೆಳಗಿನ ಮೊಟ್ಟೆಯ ಬಲ ಬೇರೆಯವರ ಸರದಿ ಕೇಳುವುದರಲ್ಲೇ ಖರ್ಚಾಗಿತ್ತು.

ಪಿಟೀಲನ್ನು ಕೆಳಗಿಳಿಸಿ ಹೆಂಡತಿಯ ಕೈಗೆ ಕೊಟ್ಟರು.

"ನನ್ನದು ನಿಮಗೆಲ್ಲ ಗೊತ್ತುಂಟಲ್ಲ," ಎಂದರು. "ಪೆಟ್ಟಿಗೆಯಲ್ಲಿಡು ವೆರೋನಿಕಾ. ಖಲಾಸ್."

ಹುಸೈನ್ ಸಾಹೇಬರು ಪುಟದ ಮೇಲಿನ ಕೈ ತೆಗೆಯಲಿಲ್ಲ. ತೆಗೆದರೆ ಪುಸ್ತಕ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಮಾಸ್ಟ್ರೆ," ಎಂದರು. "ನಾನು—"

"ನೀವು ಇಪ್ಪತ್ತು ವರ್ಷ ಕೇಳಿದಿರಿ ಸಾಹೇಬ್ರೆ. ಹೋಟೆಲ್ಲಿನಲ್ಲಿ ಒಬ್ಬನೂ ಕೇಳ್ಲಿಲ್ಲ." ಆಮೇಲೆ, "ಬಿರಿಯಾನಿ ತಂದಿದ್ದೀರಾ? ಇವರಿಗೆಲ್ಲ ಹಸಿವಾಗಿರಬೇಕು," ಎಂದರು.

ಬಿರಿಯಾನಿಯನ್ನು ಪೇಪರ್ ತಟ್ಟೆಗಳಲ್ಲಿ ನಿಂತೇ ತಿಂದರು. ಹೊರಡುವಾಗ ಹುಸೈನ್ ಸಾಹೇಬರು ಅಭ್ಯಾಸಬಲದಿಂದ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹೋದರು, ಕೂಡಿಸಿ ಕಟ್ಟಲು. ಮೂರು ಕಡೆ ಕೈ ಚಾಚಿ ಮೂರು ಕಡೆ ಹಿಂದೆ ತೆಗೆದುಕೊಂಡರು. ಯಾರೂ ನೋಡದ ಹಾಗೆ ಮಾಡಿದರು, ಎಲ್ಲರೂ ನೋಡಿದರು.

ಶನಿವಾರ ವಿಮಾನ ಹೊರಟಿತು. ಮಾಸ್ತರು ಬಿಟ್ಟುಹೋದ ಪುಸ್ತಕ ಹಿಡಿದು ಭಾನುವಾರ ಹುಸೈನ್ ಸಾಹೇಬರು ಹೈದರಾಬಾದಿನ ಮುದುಕನ ಅಂಗಡಿಯಲ್ಲಿದ್ದರು. ಹೊಲಿಗೆ ಬಿಚ್ಚಬಹುದು, ಆದರೆ ಬೆನ್ನಿಗೆ ಹಾಕಿದ ಗೋಂದು ಕಾಗದವನ್ನು ಬಿಡುವುದಿಲ್ಲ, ಎಳೆದರೆ ಪುಟಗಳೇ ಬರುತ್ತವೆ ಎಂದ ಅವನು. ಕತ್ತರಿಸಿದ ಅಂಚಿನ ಚೂರುಗಳು ಎಲ್ಲಿ ಎಂದು ಕೇಳಿದ್ದಕ್ಕೆ, "ಮಾಫಿ, ಇಲ್ಲ ಸಾಬ್. ಅವತ್ತೇ ಗುಡಿಸಿದೆ" ಎಂದ. ಆಮೇಲೆ ಸಾಹೇಬರ ಮುಖ ನೋಡಿ, ಕೆಲಸದಲ್ಲಿ ಏನಾದರೂ ತಪ್ಪಾಯಿತೇ ಎಂದು ಕೇಳಿದ.

"ಇಲ್ಲ," ಎಂದರು ಹುಸೈನ್ ಸಾಹೇಬರು. "ಕೆಲಸ ಬಹಳ ಚೆನ್ನಾಗಿದೆ."

ಸ್ಟೀಫನ್ ಮಾಸ್ತರು ಜೂನ್ ತಿಂಗಳಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಗುಣಪಾಲನಿಗೆ ದೋಹಾದಲ್ಲಿ ಕೆಲಸವಾಯಿತು. ಪುಸ್ತಕ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ಏಳನೆಯ ಸೊನಾಟಾವನ್ನು ಅದರಿಂದ ಮತ್ತೆ ಯಾರೂ ನುಡಿಸಲಿಲ್ಲ.